ಮಾಲಕರು ಕೂರದ ಸೀಟು

ಶಿರಹಟ್ಟಿ ಕಡೆಯ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಪತಿಯೂ ಮೈದುನನೂ ಸೇರಿ ಹಳೆಯ ಲಾರಿಯೊಂದನ್ನು ಕೊಂಡಿದ್ದಾರಂತೆ. ಇಂಜಿನ್ ಚೆನ್ನಾಗಿದೆ, ಟೈರುಗಳು ಇನ್ನೊಂದು ವರ್ಷ ಬರುತ್ತವೆ. ಆದರೆ ಕ್ಯಾಬಿನ್ನಿನ ಒಳಗೆ ನೋಡಿದರೆ ದನದ ಕೊಟ್ಟಿಗೆಯೇ ವಾಸಿ ಎನ್ನುವಂತಿದೆ. ಗುಜರಿಯಿಂದ ಒಳ್ಳೆಯ ಸೀಟು, ಇಂಜಿನ್ನಿನ ಮೇಲಿನ ಮುಚ್ಚಳ ಮುಂತಾದವನ್ನು ತಂದು ಹಾಕಿಸೋಣ ಎಂದು ಮೈದುನ ಹೇಳುತ್ತಾನೆ, ಓಡಿಸುವವನು ಅವನೇ. ಪತಿಯದು ಬೇರೆ ಲೆಕ್ಕ. ‘ಸೀಟು ಬಾಡಿಗೆ ತರೂದಿಲ್ಲ’ ಎನ್ನುತ್ತಾರೆ. ಮನೆಯಲ್ಲಿ ದಿನವೂ ಇದೇ ಮಾತು. “ನೀವು ಲಾರಿ ಮನೆಯವರು, ನಿಮಗೆ ಗೊತ್ತಿರುತ್ತದೆ. ಓಡುತ್ತಿರುವ ಗಾಡಿಯ ಒಳಗಿನ ಅಂದಕ್ಕೆ ದುಡ್ಡು ಸುರಿಯುವುದು ಇಸ್ರಾಫ್ ಆಗುವುದಿಲ್ಲವೇ?” ಎಂದು ಕೇಳಿದ್ದಾರೆ.

ಸಹೋದರಿ, ಇದೇ ಪ್ರಶ್ನೆ 2012ರಲ್ಲಿ ನಮ್ಮ ಮನೆಯಲ್ಲೂ ಎದ್ದಿತ್ತು. ಎದ್ದಿತ್ತು ಎನ್ನುವುದಕ್ಕಿಂತ, ಹದಿನಾಲ್ಕು ವರ್ಷ ಮೊದಲೇ ಏಳಬೇಕಾಗಿದ್ದುದು ಆಗ ಎದ್ದಿತು ಎನ್ನಬೇಕು.

ನಮ್ಮದು 1998ರ ಟಾಟಾ 1613. ನನ್ನ ಮಾವ ಕೊಂಡದ್ದು. ಆಗ ಲಾರಿ ಕೊಳ್ಳುವುದೆಂದರೆ ಬರೀ ಚಾಸಿ ಕೊಳ್ಳುವುದು. ಇಂಜಿನ್, ಚಕ್ರ, ಸ್ಟೇರಿಂಗ್, ಮುಂದೊಂದು ತಗಡಿನ ಮುಖ, ಇಷ್ಟನ್ನೇ ಕಂಪನಿ ಕೊಡುತ್ತಿತ್ತು. ಅದನ್ನು ಡ್ರೈವರು ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕಣ್ಣಿಗೆ ಕನ್ನಡಕ ಏರಿಸಿ, ಗಾಳಿ ಬಿಸಿಲಲ್ಲಿ ಓಡಿಸಿಕೊಂಡು ಬರುತ್ತಿದ್ದ. ಆಮೇಲೆ ಬಾಡಿ ಕಟ್ಟುವವರ ಹತ್ತಿರ ಬಿಟ್ಟರೆ ಬಡಗಿ, ತಗಡಿನವನು, ಪೇಂಟರು ಸೇರಿ ತಿಂಗಳುಗಟ್ಟಲೆ ಕೆಲಸ ಮಾಡಿ ಲಾರಿಯ ರೂಪ ಕೊಡುತ್ತಿದ್ದರು. ಮಾವ ಬಣ್ಣಕ್ಕೆ ಕೈ ಹಿಡಿಯಲಿಲ್ಲ. ಮುಂದೆ ಹಸಿರು ಅಕ್ಷರದಲ್ಲಿ ‘ಮಾಷಾ ಅಲ್ಲಾಹ್’, ಬಾಗಿಲಿಗೆ ಹೂಬಳ್ಳಿ, ಹಿಂದಿನ ಪಾಟಿಗೆ ಎರಡು ನವಿಲು. ಒಳಗೆ ಡ್ರೈವರು ಕೂರುವ ಜಾಗಕ್ಕೆ ಮಾತ್ರ ಕಬ್ಬಿಣದ ಪಟ್ಟಿಯ ಮೇಲೆ ಹಲಗೆ, ಹಲಗೆಯ ಮೇಲೆ ತೆಂಗಿನ ನಾರು, ನಾರಿನ ಮೇಲೆ ರೆಗ್ಜಿನ್. ಮುಂದೆ ಸರಿಯದು, ಹಿಂದೆ ಸರಿಯದು. ಹೊರಗೆ ನವಿಲು, ಒಳಗೆ ಹಲಗೆ. ಆಗ ಎಲ್ಲರ ಲಾರಿಯೂ ಹಾಗೇ ಇತ್ತು, ಹೀಗಾಗಿ ಯಾರಿಗೂ ಏನೂ ಅನಿಸಲಿಲ್ಲ.

ಆ ಹಲಗೆಯ ಮೇಲೆ ಮೊದಲ ದಿನದಿಂದ ಕುಳಿತವರು ನಮ್ಮ ಡ್ರೈವರು ಚಾಚಾ. ಮಾವನ ಕಾಲದವರು, ನನ್ನ ಪತಿಗೆ ಲಾರಿ ಕಲಿಸಿದವರು. ಶೇಂಗಾ, ಹೆಸರು, ಹತ್ತಿ, ಮೆಣಸಿನಕಾಯಿ, ಎಲ್ಲಕ್ಕಿಂತ ಹೆಚ್ಚಾಗಿ ಉಳ್ಳಾಗಡ್ಡಿ. ಸುಗ್ಗಿಯಲ್ಲಿ ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹೊಲಗಳಿಂದ ಚೀಲ ತುಂಬಿಸಿಕೊಂಡು ಬೆಂಗಳೂರಿನ ಯಶವಂತಪುರ ಮಾರ್ಕೆಟ್ಟಿಗೆ ಹೋಗುವುದು. ಅಲ್ಲಿ ಸಾಲಿನಲ್ಲಿ ನಿಂತರೆ ಒಂದು ದಿನವೂ ಹೋಗಬಹುದು, ಎರಡು ದಿನವೂ ಹೋಗಬಹುದು. ಊಟ, ನಿದ್ದೆ, ನಮಾಝ್, ಎಲ್ಲವೂ ಆ ಕ್ಯಾಬಿನ್ನಿನ ಒಳಗೆ ಅಥವಾ ಅದರ ನೆರಳಲ್ಲಿ. ನಾವು ಮನೆಯಲ್ಲಿ ಕುಳಿತು ‘ಗಾಡಿ ಎಲ್ಲಿಗೆ ಬಂತು?’ ಎಂದು ಫೋನು ಮಾಡುತ್ತಿದ್ದೆವು. ನಿಮ್ಮ ಬೆನ್ನು ಹೇಗಿದೆ ಎಂದು ಕೇಳಿದ ನೆನಪಿಲ್ಲ.

ಒಂದು ಶುಕ್ರವಾರ ನನ್ನ ಪತಿ ಲಕ್ಷ್ಮೇಶ್ವರಕ್ಕೆ ಬಾಡಿಗೆ ವಸೂಲಿಗೆ ಹೋಗಿದ್ದರು. ಜುಮಾ ನಮಾಝಿಗೆ ಅಲ್ಲಿಯ ಹಳೆಯ ಜುಮ್ಮಾ ಮಸೀದಿಗೆ ಹೋದರು. ಆದಿಲಶಾಹಿ ಕಾಲದಲ್ಲಿ, 1617ರಲ್ಲಿ ಕಟ್ಟಿದ ಮಸೀದಿ ಅದು, ನೋಡಿದವರಿಗೆ ಅದರ ಕಲ್ಲಿನ ಕೆಲಸ ಗೊತ್ತಿರುತ್ತದೆ. ನಮಾಝ್ ಮುಗಿದು ಸಲಾಮ್ ಹೇಳಿ ತಿರುಗಿದಾಗ, ಹಿಂದಿನ ಸಾಲಿನ ಮೂಲೆಯಲ್ಲಿ ಮುದುಕರ ಜೊತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಾಚಾ ಕುಳಿತಿದ್ದರು. ಅವರಿಗೆ ಆಗ ನಲವತ್ತೇಳು. ಆ ಸಾಲಿನಲ್ಲಿದ್ದ ಉಳಿದವರೆಲ್ಲ ಎಪ್ಪತ್ತು ದಾಟಿದವರು.

ಕುರ್ಚಿಯ ಮೇಲೆ ನಮಾಝ್ ಮಾಡುವುದರಲ್ಲಿ ತಪ್ಪಿಲ್ಲ, ಆಗದವನಿಗೆ ದೀನಿನಲ್ಲಿ ರಿಯಾಯಿತಿ ಇದೆ. ಆದರೆ ಆ ರಿಯಾಯಿತಿ ಅವರಿಗೆ ಬೇಕಾದದ್ದು ನಮ್ಮ ಲಾರಿಯಿಂದ. ಹೊರಗೆ ಬಂದ ಮೇಲೆ ನನ್ನ ಪತಿ ಕೇಳಿದರೆ, “ಸುಜೂದಿಗೆ ಬಗ್ಗಿದರೆ ಏಳಾಕ ಆಗೂದಿಲ್ಲ, ಪಕ್ಕದವ್ರು ಎಬ್ಬಿಸಬೇಕಾಗತೈತಿ. ಅವ್ರ ನಮಾಝ್ ಯಾಕ ಕೆಡಿಸೂದು ಅಂತ” ಎಂದರಂತೆ. ನಮ್ಮಲ್ಲಿ ಮಾತು ದಖನಿಯಲ್ಲಿ ನಡೆಯುವುದು, ಕನ್ನಡಕ್ಕೆ ತಂದರೆ ಹೀಗಾಗುತ್ತದೆ. ಆರು ತಿಂಗಳಿಂದ ಹಾಗೆಯೇ ಇದ್ದಾರಂತೆ. ಹೇಳಲಿಲ್ಲ ಯಾಕೆ ಎಂದರೆ, ಹೇಳಿದರೆ ಬೇರೆ ಡ್ರೈವರನ್ನು ಇಟ್ಟುಕೊಂಡಾರು ಎಂಬ ಭಯ.

ನನ್ನ ಪತಿ ಮರುದಿನ ಮಾಡಿದ ಒಂದು ಕೆಲಸ ನನಗೆ ಇವತ್ತಿಗೂ ಮೆಚ್ಚುಗೆ. ಖಾಲಿ ಲಾರಿಯನ್ನು ತಾವೇ ಓಡಿಸಿಕೊಂಡು ಗದಗಿನಿಂದ ಮುಂಡರಗಿಗೆ ಹೋಗಿ ಬಂದರು. ಹೋಗಿ ಬರಲು ಎಂಬತ್ತು ಕಿಲೋಮೀಟರಿನ ಆಸುಪಾಸು. ಎರೆಮಣ್ಣಿನ ಮೇಲೆ ಹಾಕಿದ ರಸ್ತೆ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಡಾಂಬರು ಅಲೆಅಲೆಯಾಗಿ ನಿಲ್ಲುತ್ತದೆ. ಸಂಜೆ ಬಂದವರು ಚಹಾ ಕೂಡ ಕೇಳದೆ ಚಾಪೆಯ ಮೇಲೆ ಮಲಗಿಬಿಟ್ಟರು. ಒಂದು ದಿನಕ್ಕೆ ಹೀಗೆ.

ಖಾಲಿ ಲಾರಿ ತುಂಬಿದ ಲಾರಿಗಿಂತ ಹೆಚ್ಚು ಕುಣಿಯುತ್ತದೆ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಲಾರಿಯ ಪಟ್ಟಿ ಸ್ಪ್ರಿಂಗುಗಳನ್ನು ಹತ್ತಾರು ಟನ್ ಹೊರುವ ಲೆಕ್ಕದಲ್ಲಿ ಗಟ್ಟಿಯಾಗಿ ಮಾಡಿರುತ್ತಾರೆ. ಭಾರ ಇಲ್ಲದಾಗ ಅವು ಬಾಗುವುದೇ ಇಲ್ಲ, ರಸ್ತೆಯ ಪ್ರತಿ ಗುಂಡಿಯನ್ನೂ ನೇರ ಹಲಗೆಗೆ, ಹಲಗೆಯಿಂದ ನಡುವಿಗೆ ಕಳಿಸುತ್ತವೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಆಗುವ ಅಲುಗಾಟ ಬೆನ್ನುಮೂಳೆಗೆ ಎಲ್ಲಕ್ಕಿಂತ ಕೆಟ್ಟದ್ದು, ಆ ಕುಣಿತಕ್ಕೆ ನಮ್ಮ ದೇಹವೂ ತಾಳ ಹಾಕಿ ತಾನೇ ಹೆಚ್ಚು ಕುಣಿಯುತ್ತದೆ. ಲಾರಿಯ ಸೀಟಿನಲ್ಲಿ ಬರುವ ಅಲುಗಾಟ ಬಹುಪಾಲು ಅದೇ ಜಾತಿಯದು. ಗಾಡಿ ಚಾಲಕರಿಗೆ ಸೊಂಟನೋವು ಉಳಿದವರಿಗಿಂತ ಹೆಚ್ಚು ಎಂಬುದನ್ನು ಬೇರೆ ಬೇರೆ ದೇಶಗಳ ವೈದ್ಯರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಬಾಡಿಗೆ ಸಿಗದೆ ಖಾಲಿ ಬಂದ ಪ್ರತಿ ಟ್ರಿಪ್ಪಿಗೆ ನಾವು ‘ನಷ್ಟ’ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆವು. ಆ ನಷ್ಟದ ಇನ್ನೊಂದು ಪಾಲು ಚಾಚಾನ ಬೆನ್ನಿನಲ್ಲಿ ಬರೆದುಕೊಳ್ಳುತ್ತಿತ್ತು.

ಸದಾ ಉಪವಾಸ ಇದ್ದು ರಾತ್ರಿಯಿಡೀ ನಮಾಝಿನಲ್ಲಿ ನಿಲ್ಲುತ್ತಿದ್ದ ಒಬ್ಬ ಸಹಾಬಿಗೆ ಪ್ರವಾದಿ(ಸ)ರವರು, ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಇಬಾದತಿನ ವಿಷಯದಲ್ಲೇ ಹೀಗಿದ್ದರೆ ಉಳ್ಳಾಗಡ್ಡಿ ಬಾಡಿಗೆಯ ವಿಷಯದಲ್ಲಿ ಹೇಗೆ? ಕಾನೂನಿನ ಮಾತಿಗೆ ಬಂದರೆ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ಹೇಳಿತ್ತು. ಆದರೆ ಐದು ಜನರಾದರೂ ಕೆಲಸಕ್ಕಿದ್ದ ಸಂಸ್ಥೆಗಳಿಗೆ ಅದು ಅನ್ವಯ. ಒಂದು ಲಾರಿ, ಒಬ್ಬ ಡ್ರೈವರು, ಒಬ್ಬ ಕ್ಲೀನರು ಇರುವ ನಮ್ಮಂಥವರ ಬಾಗಿಲಿಗೆ ಆ ಕಾಯ್ದೆ ಬರಲಿಲ್ಲ. ಒಂದು ಲಾರಿಯವರನ್ನು ಕೇಳುವವನು ಮೇಲಿರುವವನೊಬ್ಬನೇ.

ಸರಿ, ಸೀಟು ತರಬೇಕು ಎಂದಾಯಿತು. ಆಗ ಅದು ಸಿಗುವ ಕಾಲವೂ ಆಗಿತ್ತು, ಅದರ ಹಿಂದೆ ಬೇರೆಯವರ ದುಃಖವಿತ್ತು. ಹಿಂದಿನ ಹತ್ತು ವರ್ಷ ನಮ್ಮ ಗದಗಿನ ಮೇಲೆ ಹಾಯುವ ಹೆದ್ದಾರಿಯಲ್ಲಿ ಹೊಸಪೇಟೆ, ಸಂಡೂರು ಕಡೆಯ ಅದಿರಿನ ಲಾರಿಗಳು ಹಗಲು ರಾತ್ರಿ ಸಾಲುಗಟ್ಟಿ ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದವು. ದಾರಿಬದಿಯ ಬೇವಿನ ಎಲೆ ಕೂಡ ಕೆಂಪಾಗಿತ್ತು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಬಂದರುಗಳಿಂದ ಅದಿರು ಹೊರಗೆ ಹೋಗುವುದನ್ನು ತಡೆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗುಡ್ಡ ಅಗೆದು ಲೂಟಿ ಮಾಡಿದ್ದಕ್ಕೆ ಬೇಕಾಗಿದ್ದ ಆದೇಶವೇ ಅದು. ಆದರೆ ಸಾಲ ಮಾಡಿ ಒಂದೆರಡು ಲಾರಿ ಇಟ್ಟುಕೊಂಡಿದ್ದವರು ನಡುನೀರಲ್ಲಿ ನಿಂತರು. ಗಾಡಿಗಳು ಬಯಲಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿದವು. ಇಡಿಯಾಗಿ ಕೊಳ್ಳುವವರು ಇಲ್ಲದೆ ಜನ ಬಿಚ್ಚಿ ಬಿಡಿಬಿಡಿಯಾಗಿ ಮಾರಿದರು. ಆ ಗಾಡಿಗಳಲ್ಲಿ ಬಹಳಷ್ಟು ಹೊಸವು, ಕಂಪನಿಯೇ ಕಟ್ಟಿಕೊಟ್ಟ ಕ್ಯಾಬಿನ್ನಿನವು. ಹೀಗಾಗಿ ಮೋಡಕಾ ಅಂಗಡಿಗಳಲ್ಲಿ ಹಿಂದೆ ಕಾಣದಂಥ ಸೀಟುಗಳು ಬಂದವು.

2012ರ ಆರಂಭದಲ್ಲಿ ನನ್ನ ಪತಿ, ಚಾಚಾ ಮತ್ತು ನಮ್ಮ ಗ್ಯಾರೇಜಿನ ಮಿಸ್ತ್ರಿ ಹೊಸಪೇಟೆಗೆ ಹೋದರು. ಮೊದಲು ತೋರಿಸಿದ್ದು ಒಂದು ಗಾಳಿ ಸೀಟು, ಗಣಿಯ ದೊಡ್ಡ ವಿದೇಶಿ ಟಿಪ್ಪರಿನದು. ಕೂತರೆ ರಾಜನ ಗಾದಿ. ನನ್ನ ಪತಿಗೆ ಅದೇ ಬೇಕೆನಿಸಿತು. ಮಿಸ್ತ್ರಿ ಬೇಡವೆಂದರು. ಆ ಸೀಟಿಗೆ ಗಾಳಿ ಬೇಕು. ನಮ್ಮ ಲಾರಿಯಲ್ಲಿ ಗಾಳಿ ಇರುವುದು ಬ್ರೇಕಿನ ಟ್ಯಾಂಕಿನಲ್ಲಿ. ಅದಕ್ಕೆ ಸರಿಯಾದ ವಾಲ್ವು, ಬೇರೆ ಪೈಪು ಇಲ್ಲದೆ ಹಾಗೇ ತೂತು ಮಾಡಿ ಜೋಡಿಸಿದರೆ, ಸೀಟಿನ ಪೈಪು ಒಡೆದ ದಿನ ಬ್ರೇಕಿನ ಗಾಳಿಯೂ ಹೋಗುತ್ತದೆ. “ನಡು ಉಳಿಸಾಕ ಹೋಗಿ ಜೀವ ಕಳಕೋತೀರೇನ್ರೀ?” ಎಂದರಂತೆ. ಸಹೋದರಿ, ನಿಮ್ಮ ಮೈದುನನಿಗೆ ಇದನ್ನು ಮೊದಲು ಓದಿ ಹೇಳಿ.

ಎರಡನೆಯ ಸೀಟಿನ ಬಗ್ಗೆ ಅಂಗಡಿಯವರೇ ಮೊದಲು ಹೇಳಿಬಿಟ್ಟರು: ಇದು ಅಪಘಾತದ ಗಾಡಿಯದು, ಡ್ರೈವರು ತೀರಿಕೊಂಡಿದ್ದ. ಅತ್ತೆಗೆ ಫೋನಿನಲ್ಲಿ ತಿಳಿದದ್ದೇ ತಡ, ಅದನ್ನು ಮನೆಯ ಅಂಗಳಕ್ಕೂ ತರಬೇಡಿ ಎಂದರು. ಶಕುನ ಅಪಶಕುನ ನಮ್ಮ ದೀನಿನಲ್ಲಿ ಇಲ್ಲ ಎಂದು ನಾನು ಹೇಳಿದೆ. ಮನೆಯಲ್ಲಿ ಅರ್ಧ ದಿನ ಅದೇ ವಾದ. ಕೊನೆಗೆ ಅದನ್ನು ಬಿಟ್ಟದ್ದು ಅತ್ತೆಯ ಕಾರಣಕ್ಕೂ ಅಲ್ಲ, ನನ್ನ ಪಾಂಡಿತ್ಯದಿಂದಲೂ ಅಲ್ಲ. ಮಿಸ್ತ್ರಿ ಅದನ್ನು ಬೋರಲು ಹಾಕಿ ನೋಡಿದರೆ ಕೆಳಗಿನ ಹಳಿ ಸಣ್ಣಗೆ ಬಾಗಿತ್ತು. ಗುದ್ದಿದ ಗಾಡಿಯ ಸೀಟು ಮೇಲೆ ಸರಿಯಾಗಿಯೇ ಕಾಣುತ್ತದೆ, ಪೆಟ್ಟು ಕೆಳಗಿರುತ್ತದೆ.

ಬೋರಲು ಹಾಕಿ ನೋಡುವುದು ಎಂದಾಗ ನನಗೆ ಮದೀನಾದ ಮಾರುಕಟ್ಟೆಯ ಘಟನೆ ನೆನಪಾಗುತ್ತದೆ. ಪ್ರವಾದಿ(ಸ)ರವರು ಕಾಳಿನ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವ ಸಿಕ್ಕಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ, ಮೋಸ ಮಾಡುವವನು ನಮ್ಮವನಲ್ಲ ಎಂದು ಅವರು ಹೇಳಿದರು. ಹೊಸಪೇಟೆಯ ಆ ಅಂಗಡಿಯವರು ಯಾವ ಧರ್ಮದವರೋ ನಾನು ಕೇಳಲಿಲ್ಲ. ತೇವವನ್ನು ಮೇಲೆಯೇ ಇಟ್ಟಿದ್ದರು.

ಮೂರನೆಯದು ಅಂಗಡಿಯಲ್ಲಿ ಸಿಗಲಿಲ್ಲ. ಅಂಗಡಿಯವರೇ ಒಬ್ಬ ಲಾರಿ ಮಾಲಕರ ಹತ್ತಿರ ಕಳಿಸಿದರು. ಎರಡು ಲಾರಿ ಇದ್ದವಂತೆ. ಒಂದನ್ನು ಮಾರಿ ಎರಡರ ಸಾಲವನ್ನೂ ತೀರಿಸಿ, ಉಳಿದದ್ದನ್ನು ಬಿಚ್ಚಿ ಮಾರುತ್ತಿದ್ದರು. ಸಾಲ ತೀರಿದ ಕಾಗದವನ್ನು ನನ್ನ ಪತಿ ಕೇಳಿ ನೋಡಿದರು. ಇದು ಸಂಶಯಪಟ್ಟದ್ದಲ್ಲ, ನೋಡಲೇಬೇಕಾದದ್ದು. ಫೈನಾನ್ಸಿನ ಸಾಲ ಇರುವ ಗಾಡಿಯ ಭಾಗವನ್ನು ಬಿಚ್ಚಿ ಮಾರುವ ಹಕ್ಕು ಮಾಲಕನಿಗೂ ಇರುವುದಿಲ್ಲ. ಕದ್ದ ಮಾಲು, ಸಾಲದ ಮಾಲು, ಎರಡೂ ಗುಜರಿಯಲ್ಲಿ ಒಂದೇ ಬಣ್ಣದ ತುಕ್ಕು ಹಿಡಿದು ಬಿದ್ದಿರುತ್ತವೆ. ಅಂಗಡಿಯಲ್ಲಿ ಕೊಂಡರೆ ಚೀಟಿ ಬರೆಸಿಕೊಳ್ಳಿ, ಯಾವ ಗಾಡಿಯದು ಎಂದು ಅದರಲ್ಲಿ ನಮೂದಿಸಲು ಹೇಳಿ. ಬರೆಯಲು ಹಿಂದೆಮುಂದೆ ನೋಡಿದರೆ ಸಲಾಮ್ ಹೇಳಿ ಎದ್ದು ಬನ್ನಿ.

ಅದು ಸ್ಪ್ರಿಂಗಿನ ಸೀಟು. ಗಾಳಿ ಬೇಡ. ಕೆಳಗೆ ಕತ್ತರಿಯಂತೆ ಮಡಚುವ ಕಬ್ಬಿಣದ ಚೌಕಟ್ಟು, ಸ್ಪ್ರಿಂಗು, ಕುಣಿತ ತಡೆಯಲು ಸಣ್ಣ ಶಾಕ್ ಅಬ್ಸಾರ್ಬರು, ಕೂರುವವನ ತೂಕಕ್ಕೆ ತಕ್ಕಂತೆ ತಿರುಗಿಸುವ ಒಂದು ಗುಂಡಿ. ಮುಂದೆ ಹಿಂದೆ ಸರಿಯುತ್ತದೆ, ಬೆನ್ನು ಒರಗುತ್ತದೆ. ಮೂರೂವರೆ ಸಾವಿರ ಹೇಳಿದರು. ನನ್ನ ಪತಿ ಚೌಕಾಸಿ ಮಾಡಿ ಮಾಡಿ ಹದಿನೆಂಟು ನೂರಕ್ಕೆ ಇಳಿಸಿದರು. ಆ ಮನುಷ್ಯ ಹೂಂ ಎಂದು ಬೋಲ್ಟು ಬಿಚ್ಚಲು ತಾವೇ ಪಾನಾ ಹಿಡಿದರು. ಬಿಚ್ಚುವಾಗ ಒಂದೇ ಮಾತು ಆಡಿದರಂತೆ: “ಇದರ ಮ್ಯಾಲ ಕುಂತು ನನ್ನ ಮಗ ಗಾಡಿ ಕಲ್ತಾನ್ರಿ.”

ಚಾಚಾ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕೊಪ್ಪಳ ದಾಟಿದ ಮೇಲೆ ಹೇಳಿದರಂತೆ, “ಅವನ ಕೈ ಕಟ್ಟಿದಾಗ ಕೊಂಡ್ವಿ.”

ಇದನ್ನು ನನ್ನ ಪತಿ ನನಗೆ ಹೇಳಿದ್ದು ನಾಲ್ಕು ದಿನದ ನಂತರ. ಚೌಕಾಸಿ ಮಾಡುವುದು ತಪ್ಪಲ್ಲ, ವ್ಯಾಪಾರ ಎಂದರೆ ಅದೇ. ಆದರೆ ಬೇರೆ ದಾರಿಯಿಲ್ಲದವನ ಎದುರು ಮಾಡುವ ಚೌಕಾಸಿ ವ್ಯಾಪಾರವೇ? ನಾವು ಸೀಟು ತಂದದ್ದು ಒಬ್ಬ ಡ್ರೈವರಿಗೆ ನ್ಯಾಯ ಮಾಡೋಣ ಎಂದು, ಅದರ ಮೊದಲ ಹೆಜ್ಜೆಯಲ್ಲೇ ಇನ್ನೊಬ್ಬ ಲಾರಿಯವನ ಹೊಟ್ಟೆಗೆ ಕೈ ಹಾಕಿದ್ದೆವು. ಮುಂದಿನ ವಾರ ಹೊಸಪೇಟೆಗೆ ಹೋಗುವ ಪರಿಚಯದವರ ಕೈಯಲ್ಲಿ ಇನ್ನೂ ಹನ್ನೆರಡು ನೂರು ಕಳಿಸಿದೆವು. ಅವರು ಮೊದಲು ಬೇಡವೆಂದು, ಆಮೇಲೆ ಇಟ್ಟುಕೊಂಡರಂತೆ. ಮೂರೂವರೆಯೇ ಯಾಕೆ ಕೊಡಲಿಲ್ಲ ಎಂದು ನೀವು ಕೇಳಬಹುದು. ಅಷ್ಟು ದೊಡ್ಡ ಮನಸ್ಸು ನಮಗೆ ಬರಲಿಲ್ಲ.

ಇನ್ನು ಕೆಲಸದ ವಿಷಯ. ಸೀಟು ತಂದರೆ ಮುಗಿಯಲಿಲ್ಲ. ನಮ್ಮ ಕ್ಯಾಬಿನ್ನಿನ ತಳ ಹಲಗೆ ಮತ್ತು ತಗಡು, ತಗಡು ಅಲ್ಲಲ್ಲಿ ಕೈಗೆ ಬರುತ್ತಿತ್ತು. ಅದರ ಮೇಲೆ ನೇರ ಕೂರಿಸಿದರೆ ಗಟ್ಟಿಯಾಗಿ ಬ್ರೇಕ್ ಹಾಕಿದ ದಿನ ಸೀಟೂ ಡ್ರೈವರೂ ಒಟ್ಟಿಗೆ ಗಾಜಿಗೆ ಹೋಗುತ್ತಾರೆ. ಮಿಸ್ತ್ರಿ ಕೊಳೆತ ಭಾಗ ಕತ್ತರಿಸಿ, ಮೇಲೊಂದು ಕೆಳಗೊಂದು ದಪ್ಪ ಪ್ಲೇಟು ಕೊಟ್ಟು, ನಡುವೆ ಹೊಸ ಹೈ-ಟೆನ್ಸಿಲ್ ಬೋಲ್ಟು ಬಿಗಿದರು. ಸೀಟಿನ ಹಳಿಗೆ ವೆಲ್ಡಿಂಗ್ ಮಾಡಲಿಲ್ಲ. ಕೆಲವು ಗ್ಯಾರೇಜಿನಲ್ಲಿ ಬೇಗ ಆಗಲಿ ಎಂದು ನಾಲ್ಕು ಕಡೆ ವೆಲ್ಡಿಂಗ್ ಹೊಡೆದುಬಿಡುತ್ತಾರೆ. ಬಿಸಿ ತಾಗಿದ ಕಡೆ ತೆಳು ಹಳಿ ಸೆಡೆತು ಮುಂದೆ ಅಲ್ಲೇ ಬಿರಿಯುತ್ತದೆ, ಬಿಚ್ಚಿ ನೋಡಲೂ ಬರುವುದಿಲ್ಲ. ಹೊಸ ಸೀಟು ಹಲಗೆಗಿಂತ ನಾಲ್ಕು ಬೆರಳು ಎತ್ತರ ಆಯಿತು. ಕ್ಲಚ್ಚು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ತೊಡೆಗೂ ಸ್ಟೇರಿಂಗಿಗೂ ನಡುವೆ ಅಂಗೈ ಆಡಬೇಕು, ಗುಂಡಿಗೆ ಬಿದ್ದಾಗ ತಲೆ ಮಾಡಿಗೆ ತಾಗಬಾರದು. ಚಾಚಾನನ್ನು ಕೂರಿಸಿ ಎಬ್ಬಿಸಿ ಮೂರು ಸಲ ಅಳತೆ ನೋಡಿ ಆಮೇಲೆ ತೂತು ಕೊರೆದರು. ಸಹೋದರಿ, ಓಡಿಸುವವನು ಎದುರಿಗಿಲ್ಲದೆ ಸೀಟು ಕೂರಿಸಬೇಡಿ. ಹೊಲಿಗೆಗೆ ಅಳತೆ ಕೊಡದೆ ಕುಪ್ಪಸ ಹೊಲಿಸಿದಂತಾಗುತ್ತದೆ.

ಕುಶನ್ನಿಗೆ ಬೆಟಗೇರಿಯ ಒಬ್ಬ ಹಿರಿಯರ ಹತ್ತಿರ ಹೋದೆವು. ಅವರ ತಂದೆ, ಅಜ್ಜ ಹೆಗಲ ಮೇಲೆ ಬಿಲ್ಲು ಹೊತ್ತು ಮನೆಮನೆಗೆ ಹೋಗಿ ಅರಳೆ ಹಿಂಜಿ ಗಾದಿ ತುಂಬುತ್ತಿದ್ದ ಪಿಂಜಾರರು. ಅಂಗಡಿಯ ಗಾದಿ ಬಂದ ಮೇಲೆ ಆ ಬಿಲ್ಲಿನ ಟಂಯ್ ಟಂಯ್ ಸದ್ದು ನಮ್ಮ ಓಣಿಗಳಿಂದ ಹೋಯಿತು. ಅವರ ಮಕ್ಕಳು ಮೊಮ್ಮಕ್ಕಳು ಕುಶನ್ ಕೆಲಸ, ಗ್ಯಾರೇಜು, ಡ್ರೈವಿಂಗು ಹಿಡಿದರು. ನಾನು ಮೆತ್ತನೆಯ ಫೋಮು ಹಾಕಿ ಎಂದೆ. ಅವರು ನಕ್ಕರು. “ತಂಗೀ, ಮೆತ್ತಗಿದ್ರ ಸುಖ ಅಂತ ತಿಳ್ಕೊಂಡೀಯೇನು? ಮೆತ್ತಗಿನ್ದು ಅರ್ಧ ತಾಸಿನ್ಯಾಗ ತಳ ಮುಟ್ಟತೈತಿ. ಆಮ್ಯಾಲ ಕಬ್ಬಿಣದ ಮ್ಯಾಲ ಕುಂತಂಗ.” ಕೆಳಗೆ ಗಟ್ಟಿ ಫೋಮು, ಮೇಲೆ ಬೆರಳಷ್ಟು ಮೆತ್ತನೆಯದು, ತೊಡೆಯ ಕಡೆ ತುಸು ಎತ್ತರ, ನಡುವಿನ ಟೊಂಕಕ್ಕೆ ಒಂದು ಉಬ್ಬು. ರೆಗ್ಜಿನ್ ಬೇಡ, ಬೆವರು ಕುಡಿಯುವುದಿಲ್ಲ ಎಂದು ಬೆಟಗೇರಿಯ ಮಗ್ಗದ ದಪ್ಪ ಹತ್ತಿ ಬಟ್ಟೆಯ ಗವಸು ಹೊಲಿದರು, ತೊಳೆಯಲು ಬರುವಂತೆ ಎರಡು. ಗವಸು ತೊಳೆಯುವುದು ನನ್ನ ಪಾಲಿಗೆ ಬಂತು. ಮೊದಲ ಸಲ ತೊಳೆದ ನೀರಿನ ಬಣ್ಣ ನೋಡಿದಾಗ ಆ ಮನುಷ್ಯ ದಿನವೂ ಉಸಿರಾಡುವುದು ಏನನ್ನು ಎಂದು ತಿಳಿಯಿತು.

ಇಂಜಿನ್ನಿನ ಮುಚ್ಚಳವೂ ಸೀಟಿನಷ್ಟೇ ಮುಖ್ಯ. ನಮ್ಮಂಥ ಚಪ್ಪಟೆ ಮುಖದ ಲಾರಿಗಳಲ್ಲಿ ಇಂಜಿನ್ ಕ್ಯಾಬಿನ್ನಿನ ಒಳಗೆ, ಡ್ರೈವರಿನ ಎಡ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ. ನಮ್ಮದಕ್ಕಿದ್ದುದು ಬರೀ ತಗಡಿನ ಮುಚ್ಚಳ. ಅದರ ಮೇಲೆ ಚಾಚಾ ಕಂಬಳಿ ಮಡಚಿ ಹಾಸಿದ್ದರು, ಕ್ಲೀನರು ಹುಡುಗ ಅದರ ಮೇಲೇ ಮಲಗುತ್ತಿದ್ದ. ಆ ಕಂಬಳಿ ಎತ್ತಿ ಮೂಸಿದರೆ ಡೀಸೆಲ್ ವಾಸನೆ. ಎಣ್ಣೆ ಕುಡಿದ ಬಟ್ಟೆ, ಕೆಳಗೆ ಕಾದ ಇಂಜಿನ್, ಮೇಲೆ ಬೀಡಿ. ಇಷ್ಟು ವರ್ಷ ಅಲ್ಲಾಹನೇ ಕಾಪಾಡಿದ್ದ. ಗುಜರಿಯಲ್ಲಿ ಒಳಗಡೆ ಶಾಖ ತಡೆಯುವ ಪದರವೂ ಅಂಚಿಗೆ ರಬ್ಬರೂ ಇರುವ ಕಂಪನಿಯ ಮುಚ್ಚಳ ಸಿಕ್ಕಿತು. ಸದ್ದು ಅರ್ಧಕ್ಕರ್ಧ ಕಡಿಮೆಯಾಯಿತು ಎಂದು ಚಾಚಾ ಹೇಳಿದರು. ಮೊದಲ ಸಲ ಫೋನಿನಲ್ಲಿ ಕಿರುಚದೆ ಮಾತಾಡಿದರು.

ಎಡವಟ್ಟೂ ಆಯಿತು. ಹಳೆಯ ಕಾರಿನ ಫ್ಯಾನೊಂದು ಅಗ್ಗಕ್ಕೆ ಸಿಕ್ಕಿತೆಂದು ನನ್ನ ತಮ್ಮ ತಂದು ಜೋಡಿಸಿದ. ಎರಡು ನಿಮಿಷ ಜೋರಾಗಿ ತಿರುಗಿ ಹೊಗೆ ಬಂತು. ಕಾರಿನದು 12 ವೋಲ್ಟು, ನಮ್ಮ ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24. ಹಾಗಿದ್ದರೆ ಒಂದೇ ಬ್ಯಾಟರಿಯಿಂದ ಎಳೆದುಕೊಳ್ಳುತ್ತೇನೆ ಎಂದ. ಅದೂ ಬೇಡ ಎಂದರು ಮಿಸ್ತ್ರಿ, ಒಂದು ದಣಿದು ಇನ್ನೊಂದು ಉಬ್ಬಿ ಎರಡೂ ಬೇಗ ಸಾಯುತ್ತವೆ. 24 ವೋಲ್ಟಿನ ಹೊಸ ಫ್ಯಾನನ್ನು ಫ್ಯೂಸಿನೊಂದಿಗೆ ಹಾಕಿಸಿದೆವು. ಸೀಟ್ ಬೆಲ್ಟನ್ನೂ ಹೊಸದೇ ತಂದೆವು. ಅಪಘಾತದಲ್ಲಿ ಒಮ್ಮೆ ಎಳೆತ ತಿಂದ ಬೆಲ್ಟು ಎರಡನೇ ಸಲ ಹಿಡಿಯುತ್ತದೆಂಬ ನಂಬಿಕೆ ಇಲ್ಲ, ಕಣ್ಣಿಗೆ ಅದು ಗೊತ್ತೂ ಆಗುವುದಿಲ್ಲ. ಸ್ಟೇರಿಂಗು, ಬ್ರೇಕಿನ ಸಾಮಾನು ಇವನ್ನೂ ಗುಜರಿಯಿಂದ ತರಬಾರದು ಎಂಬುದು ನಮ್ಮ ಮಿಸ್ತ್ರಿಯ ಹಟ. ನನ್ನದೂ ಅದೇ.

ಇನ್ನೊಂದು ಎಚ್ಚರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್.ಸಿ.ಯಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತಷ್ಟು ಬಿಗಿ ಮಾಡಿತು. ಸೀಟುಗಳ ಸಂಖ್ಯೆ ಹೆಚ್ಚಿಸುವುದು, ಕ್ಯಾಬಿನ್ ಉದ್ದ ಮಾಡುವುದು ಇಂಥದ್ದಕ್ಕೆ ಕೈ ಹಾಕಬೇಡಿ. ಏನು ಮಾಡಿಸುವುದಾದರೂ ಆರ್.ಟಿ.ಓ. ಕಚೇರಿಯಲ್ಲಿ ಮೊದಲು ಕೇಳಿ, ಫಿಟ್‌ನೆಸ್ಸಿಗೆ ಹೋದಾಗ ಪೇಚಾಡುವುದು ತಪ್ಪುತ್ತದೆ.

ನಮಗೆ ಆಗ ತಗುಲಿದ್ದು ಎಲ್ಲ ಸೇರಿ 8,150 ರೂಪಾಯಿ. ಸೀಟಿಗೆ 3,000, ಮುಚ್ಚಳ 1,500, ಕುಶನ್ನು ಗವಸು 900, ಪ್ಲೇಟು ಬೋಲ್ಟು ಮಿಸ್ತ್ರಿ ಕೂಲಿ 1,400, ಬೆಲ್ಟು 650, ಫ್ಯಾನು 700. ಒಂದು ಹೊಸ ಟೈರಿಗೆ ಆಗ ಹೆಚ್ಚುಕಡಿಮೆ ಇದರ ದುಪ್ಪಟ್ಟು ಕೊಡುತ್ತಿದ್ದೆವು, ಕೊಡುವಾಗ ಯಾರೂ ಇಸ್ರಾಫ್ ಎನ್ನುತ್ತಿರಲಿಲ್ಲ. ಹಿಂದಿನ ಪಾಟಿಯ ನವಿಲುಗಳಿಗೆ ಮಾವ ಎಷ್ಟು ಕೊಟ್ಟಿದ್ದರೋ, ಆ ಲೆಕ್ಕದ ಪುಸ್ತಕ ಈಗ ಇಲ್ಲ. ನಿಮಗೆ ಈಗಿನ ದರದಲ್ಲಿ ಎಷ್ಟಾಗುತ್ತದೋ ಮಿಸ್ತ್ರಿಯ ಹತ್ತಿರ ಬರೆಸಿಕೊಳ್ಳಿ.

ಚಾಚಾನ ಬೆನ್ನು ಸೀಟು ಹಾಕಿದ ಮರುದಿನವೇ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗದಗಿನ ಮೂಳೆ ವೈದ್ಯರು ಎಕ್ಸ್‌ರೇ ನೋಡಿ, ಸವೆದದ್ದು ಮರಳಿ ಬರುವುದಿಲ್ಲ, ಇನ್ನು ಸವೆಯದಂತೆ ನೋಡಿಕೊಳ್ಳಿ ಎಂದರು. ಒಂದು ತಿಂಗಳು ವಿಶ್ರಾಂತಿ ಹೇಳಿದರು. ನಾವು ಆ ತಿಂಗಳಿಗೆ ಅರ್ಧ ಪಗಾರ ಕೊಟ್ಟೆವು. ಆಗ ಅದೇ ದೊಡ್ಡ ಉಪಕಾರ ಎಂದು ನನಗನಿಸಿತ್ತು, ಈಗ ಬರೆಯುವಾಗ ಹಾಗನಿಸುತ್ತಿಲ್ಲ. ಬೆಂಗಳೂರಿನ ಟ್ರಿಪ್ಪಿಗೆ ಇಬ್ಬರು ಡ್ರೈವರು ಎಂದು ನಿಯಮ ಮಾಡಿದೆವು, ಆ ಖರ್ಚು ಮಾತ್ರ ನಿಜವಾಗಿ ಮೈಗೆ ತಾಗಿತು. ಆ ವರ್ಷದ ರಮಝಾನಿನಲ್ಲಿ ತರಾವೀಹಿಗೆ ಚಾಚಾ ನಿಂತು ನಮಾಝ್ ಮಾಡುತ್ತಾರೆ, ಸುಜೂದಿಗೂ ಹೋಗುತ್ತಾರೆ, ಚಳಿ ಇರುವ ದಿನ ಮಾತ್ರ ಕುರ್ಚಿ ಎಂದು ಪತಿ ಬಂದು ಹೇಳಿದರು. 2019ರವರೆಗೆ ಅವರೇ ಓಡಿಸಿದರು.

ಈಗ ಹೊಸ ಲಾರಿಗಳ ಮಾತೇ ಬೇರೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿತು. ಒಳ್ಳೆಯದು, ತಡವಾದರೂ ಬಂತು. ಆದರೆ ಆ ಆದೇಶ ಹೊಸದಾಗಿ ತಯಾರಾಗುವ ಗಾಡಿಗಳಿಗೆ. ನಮ್ಮ ಊರುಗಳಲ್ಲಿ ಉಳ್ಳಾಗಡ್ಡಿ, ಶೇಂಗಾ ಹೊರುವ ಹಳೆಯ ಲಾರಿಗಳ ಒಳಗೆ ಕುಳಿತವರಿಗೆ ಮಾಲಕರೇ ಸರಕಾರ. ನಿಮ್ಮ ಮನೆಯಲ್ಲಿ ಮೈದುನನೇ ಓಡಿಸುತ್ತಾನೆ, ಅವನಿಗೆ ಬಾಯಿ ಬಿಟ್ಟು ಕೇಳುವ ಸಲಿಗೆ ಇದೆ. ಆ ಸಲಿಗೆ ನಮ್ಮ ಚಾಚಾಗೆ ಇರಲಿಲ್ಲ. ನಿಮ್ಮ ಪತಿಯನ್ನು ಒಂದು ದಿನ ಖಾಲಿ ಲಾರಿಯಲ್ಲಿ ಮುಂಡರಗಿಗೆ ಕಳಿಸಿ, ಓಡಿಸಲು ಬಾರದಿದ್ದರೆ ಪಕ್ಕದಲ್ಲಿ ಕೂತೇ ಹೋಗಿ ಬರಲಿ. ಆಮೇಲೆ ಇಸ್ರಾಫಿನ ಪ್ರಶ್ನೆಯನ್ನು ಅವರಿಗೇ ಕೇಳಿ.

2022ರಲ್ಲಿ ಹಳೆಯ ಗಾಡಿಗಳ ಫಿಟ್‌ನೆಸ್ ಶುಲ್ಕ 12,500 ರೂಪಾಯಿಗೆ ಏರಿದಾಗ ನಮ್ಮ 1613 ಅನ್ನು ಗುಜರಿಗೆ ಕೊಟ್ಟೆವು. ಸೀಟನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದೆವು. ಅದನ್ನು ಕೇಳಿಕೊಂಡು ಮುಂಡರಗಿ ಕಡೆಯ ಒಬ್ಬ ಹುಡುಗ ಬಂದ, ಸ್ವಂತ ಹಳೆಯ ಲಾರಿ, ತಾನೇ ಓಡಿಸುವವನು. ನನ್ನ ಪತಿ ಚಾಚಾನನ್ನು ಕರೆಸಿದರು. ಹುಡುಗ ಕೂತು ನೋಡಿ ಮೂರು ಸಾವಿರ ಎಣಿಸಿಯೇ ಬಿಟ್ಟ. ಚಾಚಾ ಅವನನ್ನು ಎಬ್ಬಿಸಿ ಸೀಟು ಬೋರಲು ಹಾಕಿದರು. ಎಡಗಡೆಯ ಸ್ಪ್ರಿಂಗನ್ನು ಬೆರಳಿಂದ ತಟ್ಟಿ ತೋರಿಸಿದರು.

“ಇದು ಸೋತೈತಿ, ನೋಡ್ಕೋ. ಮೂರು ಸಾವಿರ ನಾವು ತಂದಾಗಿನ ರೇಟು. ಎರಡು ಕೊಡು. ಉಳಿದಿದ್ರಾಗ ಸ್ಪ್ರಿಂಗು ಹಾಕ್ಸು, ಬೋಲ್ಟು ಹೊಸಾವು ತಗೋ.”